ಒಂದೇ ಎಳೆಯ ಹಾಡು ನಾಲ್ಕು ದನಿ ಆಗಿದ್ದು ಹೇಗೆ? ಯುರೋಪಿನ ಹಳೆಯ ಸಂಗೀತ ಕೇಳುವವರು ಬನ್ನಿ

ತಂಬೂರಿ ತಂತಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಕರ್ನಾಟಕ ಸಂಗೀತ ಹಾಡುತ್ತೇನೆ, ಸಂಜೆ ಒಂದಷ್ಟು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೋದ ವಾರ ರಾತ್ರಿ ಪಾತ್ರೆ ತೊಳೆಯುತ್ತಾ ಸುಮ್ನೆ ಏನಾದರೂ ಕೇಳೋಣ ಅಂತ ಒಂದು ಹಾಡು ಹಾಕಿಕೊಂಡೆ. ಪೆರೋಟಿನ್ ಎನ್ನುವವರ ‘ವಿದೆರುಂತ್ ಓಮ್ನೆಸ್’. ಪ್ಯಾರಿಸ್ಸಿನ ನೋಟ್ರೆ ಡಾಮ್ ಚರ್ಚಿಗಾಗಿ ಎಂಟುನೂರು ವರ್ಷಕ್ಕೂ ಹಿಂದೆ ಕಟ್ಟಿದ್ದು.

ಶುರುವಿನಲ್ಲೇ ಕೆಳಗಿನ ದನಿ ‘ವಿ’ ಎಂದು ಹಿಡಿದು ನಿಂತುಬಿಟ್ಟಿತು. ಬಿಡುವುದೇ ಇಲ್ಲ. ಅದರ ಮೇಲೆ ಇನ್ನು ಮೂರು ದನಿ ಒಂದನ್ನೊಂದು ಹಿಡಿಯುತ್ತಾ, ದಾಟುತ್ತಾ, ಕುಣಿಯುತ್ತಾ ಹೋಗುತ್ತವೆ. ಒಂದು ನಿಮಿಷ ಆಗುತ್ತಾ ಬಂದರೂ ಅದೇ ‘ವಿ’. ತಂಬೂರಿ ಮೀಟಿದ ಹಾಗೇ ಇದೆ ಅಂದುಕೊಂಡು ನಾನು ಷಡ್ಜ, ಅಂದರೆ ‘ಸ’, ಹಿಡಿದೆ. ಅಷ್ಟರಲ್ಲಿ ಆ ಕೆಳಗಿನ ಸ್ವರವೇ ಬದಲಾಯಿತು! ನಿಂತ ನೆಲ ಸರಿದ ಹಾಗಾಯಿತು. ನಲ್ಲಿ ನಿಲ್ಲಿಸಿ ಮೊದಲಿಂದ ಮತ್ತೆ ಕೇಳಿದೆ.

ಅಂದಿನಿಂದ ಒಂದೇ ಯೋಚನೆ. ಇವರೂ ಮೊದಲು ನಮ್ಮ ಹಾಗೆ ಒಂದೇ ಎಳೆಯಲ್ಲಿ ಹಾಡುತ್ತಿದ್ದವರಲ್ವಾ? ನಾಲ್ಕು ದನಿ ಬೇರೆ ಬೇರೆ ದಾರಿ ಹಿಡಿದೂ ಒಂದೇ ಹಾಡಾಗುವುದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು? ತಿಳಿದವರು ಹೇಳಿ.

ಹಳೇ ಹೊತ್ತಿಗೆ

ತಂತಿ ಮೇಡಂ, ನೆಲ ಸರಿದ ಹಾಗಾಯಿತು ಅಂದಿರಲ್ಲ, ವಿಷಯ ಇರುವುದೇ ಅಲ್ಲಿ. ನೀವು ಶ್ರುತಿ ಅಂದುಕೊಂಡದ್ದೇ ಮೂಲ ಹಾಡು. ‘ಭೂಮಿಯ ಎಲ್ಲ ಅಂಚುಗಳೂ ನಮ್ಮ ದೇವರ ರಕ್ಷಣೆಯನ್ನು ಕಂಡವು’ ಎಂಬ ಬೈಬಲ್ಲಿನ ಕೀರ್ತನೆಯ ಸಾಲು, ಕ್ರಿಸ್‌ಮಸ್ಸಿಗೆ ಹಾಡುವ ಹಳೆಯ ಧಾಟಿ. ಪೆರೋಟಿನ್ ಆ ಧಾಟಿಯ ಒಂದೊಂದು ಸ್ವರವನ್ನೂ ಎಳೆದು ಉದ್ದ ಮಾಡಿ ಕೆಳಗೆ ಹಾಸಿದರು. ಮೇಲಿನ ಮೂರು ದನಿ ಹೊಸದು. ಹಳೆಯ ಧಾಟಿ ಮುಂದಿನ ಸ್ವರಕ್ಕೆ ಹೋದಾಗ ನಿಮಗೆ ನೆಲ ಸರಿಯಿತು.

ಇದರ ಕಾಲವನ್ನೂ ಹೇಳಬಹುದು. 1198ರಲ್ಲಿ ಪ್ಯಾರಿಸ್ಸಿನ ಬಿಷಪ್ ಯೂಡ್ ಡ ಸುಲ್ಲಿ ಹಬ್ಬದ ದಿನದ ಗದ್ದಲ, ವೇಷ ಎಲ್ಲ ನಿಲ್ಲಿಸಿ ಒಂದು ಆದೇಶ ಹೊರಡಿಸಿದರು. ಅದರಲ್ಲೇ ಮೂರು ದನಿ, ನಾಲ್ಕು ದನಿಯಲ್ಲಿ ಹಾಡಬಹುದು ಎಂದೂ ಇದೆ. ಆಗ ನೋಟ್ರೆ ಡಾಮ್ ಇನ್ನೂ ಕಟ್ಟುತ್ತಲೇ ಇದ್ದರು. 1163ರಲ್ಲಿ ಶುರುವಾದ ಕೆಲಸ. ಕಲ್ಲು ಕೆತ್ತುವ ಸದ್ದಿನ ಪಕ್ಕದಲ್ಲೇ ಈ ಸಂಗೀತ ಹುಟ್ಟಿತು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಇನ್ನೊಂದು ವಿಷಯ. ಆ ಕಾಲದ ಹಸ್ತಪ್ರತಿಯಲ್ಲಿ ಪೆರೋಟಿನ್ ಹೆಸರೇ ಇಲ್ಲ. ಸುಮಾರು ಎಪ್ಪತ್ತು ಎಂಬತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನವರೊಬ್ಬರು ಸಂಗೀತದ ಬಗ್ಗೆ ಬರೆದಿಟ್ಟ ಟಿಪ್ಪಣಿಯಲ್ಲಿ ಲಿಯೋನಿನ್, ಪೆರೋಟಿನ್ ಎಂಬ ಎರಡು ಹೆಸರು ಬರುತ್ತವೆ. ಬರೆದವರ ಸ್ವಂತ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಬರಹಗಳ ಒಂದು ಸಂಗ್ರಹದಲ್ಲಿ ಅದು ನಾಲ್ಕನೆಯದು, ಅದಕ್ಕೇ ಅವರನ್ನು ‘ಅನಾಮಿಕ ನಾಲ್ಕು’ ಅಂತ ಕರೆಯುತ್ತಾರೆ.

ಕಡಲ ಕರೆ

ನಾನು ಮಂಗಳೂರಿನ ಕಡೆಯವನು. ಚರ್ಚಿನ ಕಾಯರ್‌ನಲ್ಲಿ ಟೆನರ್ ಹಾಡುತ್ತೇನೆ. ಈ ‘ಟೆನರ್’ ಅನ್ನುವ ಹೆಸರು ಬಂದದ್ದೇ ಮೇಡಂ ಕೇಳಿದ ಆ ಕೆಳಗಿನ ದನಿಯಿಂದ. ಲ್ಯಾಟಿನ್‌ನಲ್ಲಿ ‘ತೆನೇರೆ’ ಅಂದರೆ ಹಿಡಿದುಕೊಳ್ಳುವುದು. ಹಳೆಯ ಧಾಟಿಯನ್ನು ಹಿಡಿದು ನಿಲ್ಲುವವನು ಟೆನರ್. ಅವನ ಎದುರಿಗೆ ಒಂದು ದನಿ ಬಂತು, ಕಾಂಟ್ರಾಟೆನರ್. ಅದು ಎರಡಾಗಿ ಒಡೆದಾಗ ಮೇಲಿನದು ‘ಆಲ್ಟುಸ್’, ಕೆಳಗಿನದು ‘ಬಾಸ್ಸುಸ್’. ಇವತ್ತು ನಾವು ಆಲ್ಟೊ, ಬಾಸ್ ಅನ್ನುವುದು ಅವನ್ನೇ.

ನಮ್ಮ ಕಾಯರ್‌ನಲ್ಲಿ ಈಗ ಕೊಂಕಣಿಯಲ್ಲೇ ಜಾಸ್ತಿ ಹಾಡುತ್ತೇವೆ, ಕನ್ನಡದಲ್ಲೂ ಹಾಡುತ್ತೇವೆ. ಆದರೆ 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಸಭೆ ಜನರ ಭಾಷೆಗೆ ಒಪ್ಪಿಗೆ ಕೊಡುವ ತನಕ ಪೂಜೆಯೆಲ್ಲ ಲ್ಯಾಟಿನ್‌ನಲ್ಲೇ ಇತ್ತು. ನನ್ನ ಅಜ್ಜಿಗೆ ಮಾತೆ ಮರಿಯಳ ಸ್ತುತಿ ‘ಸಾಲ್ವೆ ರೆಜೀನಾ’ ಬಾಯಿಪಾಠ. ಒಂದಕ್ಷರದ ಅರ್ಥ ಗೊತ್ತಿರಲಿಲ್ಲ. ಸ್ವರ ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಹಾಡಿದರೆ ನಾವೆಲ್ಲ ಸುಮ್ಮನಾಗುತ್ತಿದ್ದೆವು.

ತಂಬೂರಿ ತಂತಿ

ಕರೆ ಸರ್, ನಿಮ್ಮ ಅಜ್ಜಿಯ ಮಾತು ಕೇಳಿ ಕಣ್ಣು ತುಂಬಿ ಬಂತು. ನನ್ನ ಗುರುಗಳು ಕಲಿಸಿದ್ದೂ ಹಾಗೇ. ಮೊದಲು ಬಾಯಿಗೆ ಬರಲಿ, ಅರ್ಥ ಆಮೇಲೆ. ಹಾಗಾದರೆ ಅವರೂ ಬಾಯಿಂದ ಬಾಯಿಗೇ ಕಲಿಯುತ್ತಿದ್ದರಾ? ಬರೆಯುವುದಕ್ಕೆ ಶುರು ಮಾಡಿದ್ದು ಯಾವಾಗ?

ಹಳೇ ಹೊತ್ತಿಗೆ

ಪೂರ್ತಿ ಬಾಯಿಪಾಠವೇ. 7ನೇ ಶತಮಾನದಲ್ಲಿ ಸೆವಿಲ್ಲೆಯ ಬಿಷಪ್ ಇಸಿಡೋರ್ ಹೇಳಿದ್ದಾರೆ: ನಾದವನ್ನು ಮನುಷ್ಯ ನೆನಪಿಟ್ಟುಕೊಳ್ಳದಿದ್ದರೆ ಅದು ಸತ್ತುಹೋಗುತ್ತದೆ, ಏಕೆಂದರೆ ಅದನ್ನು ಬರೆಯಲಾಗುವುದಿಲ್ಲ. ಆಮೇಲೆ ಫ್ರಾಂಕರ ದೊರೆ ಷಾರ್ಲ್‌ಮೇನ್ ಬಂದ. ತನ್ನ ರಾಜ್ಯದಲ್ಲೆಲ್ಲ ರೋಮಿನ ಧಾಟಿಯಲ್ಲೇ ಹಾಡಬೇಕು ಎಂದು 789ರಲ್ಲಿ ಆಜ್ಞೆ ಮಾಡಿದ. ಅಷ್ಟು ದೊಡ್ಡ ರಾಜ್ಯದ ಒಂದೊಂದು ಮಠಕ್ಕೂ ಒಬ್ಬೊಬ್ಬ ಗುರುವನ್ನು ಎಲ್ಲಿಂದ ತರುವುದು? ಅದಾದ ಒಂದು ಶತಮಾನದ ಒಳಗೆ ಅಕ್ಷರಗಳ ತಲೆಯ ಮೇಲೆ ಸಣ್ಣ ಗೆರೆ, ಕೊಕ್ಕೆ, ಚುಕ್ಕಿ ಕಾಣಿಸಿಕೊಂಡವು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ 10ನೇ ಶತಮಾನದ ಆರಂಭದ ಇಂಥ ಒಂದು ಪುಸ್ತಕ ಈಗಲೂ ಇದೆ. ಸ್ವರ ಏರಿತೋ ಇಳಿಯಿತೋ ಅಂತ ಅದು ಹೇಳುತ್ತದೆ. ಎಷ್ಟು ಏರಿತು ಅಂತ ಹೇಳುವುದಿಲ್ಲ. ಹಾಡು ಮೊದಲೇ ಗೊತ್ತಿದ್ದವನಿಗೆ ನೆನಪು ಮಾಡಿಕೊಡುತ್ತದೆ, ಗೊತ್ತಿಲ್ಲದವನಿಗೆ ಅದು ಬರೀ ಗೀಚು.

ಈ ಕಷ್ಟ ಬಿಡಿಸಿದ್ದು ಇಟಲಿಯ ಒಬ್ಬ ಸನ್ಯಾಸಿ, ಅರೆಝೋ ಊರಿನ ಗ್ವೀಡೋ. ಮಠದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಮೇಡಂಗೆ ಇವರು ಇಷ್ಟವಾಗುತ್ತಾರೆ. ನೂರು ವರ್ಷ ದಿನಾ ಹಾಡಿದರೂ ಗುರು ಇಲ್ಲದೆ ಒಂದು ಸಣ್ಣ ಹಾಡನ್ನೂ ಸ್ವಂತವಾಗಿ ಹಾಡಲಾರರು ಅಂತ ಗಾಯಕರ ಬಗ್ಗೆ ಬೇಸರಪಟ್ಟುಕೊಂಡು ಬರೆದಿದ್ದಾರೆ. ಅವರು ಮಾಡಿದ್ದು ಇಷ್ಟು: ಅಡ್ಡಗೆರೆ ಎಳೆದು, ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಗೊತ್ತು ಮಾಡಿದರು. ಒಂದು ಗೆರೆಗೆ ಕೆಂಪು ಬಣ್ಣ, ಒಂದಕ್ಕೆ ಹಳದಿ. ಬಣ್ಣ ನೋಡಿದರೆ ಸಾಕು, ಅರ್ಧ ಸ್ವರದ ಅಂತರ ಎಲ್ಲಿದೆ ಅಂತ ತಿಳಿಯುತ್ತಿತ್ತು.

ಸ್ವರ ಕಲಿಸಲು ಅವರು ಬಳಸಿದ್ದು ಸಂತ ಯೋಹಾನನ ಒಂದು ಸ್ತುತಿ. ಅದರ ಆರು ತುಣುಕುಗಳು ಶುರುವಾಗುವುದು ಹೀಗೆ: ಉತ್ ಕ್ವೆಯಾಂತ್ ಲಾಕ್ಸಿಸ್, ರೆಸೊನಾರೆ ಫೀಬ್ರಿಸ್, ಮೀರಾ ಗೆಸ್ತೋರುಂ, ಫಾಮುಲಿ ತುಓರುಂ, ಸೋಲ್ವೆ ಪೊಲ್ಲೂತಿ, ಲಾಬಿಯಿ ರೆಯಾತುಂ. ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿಂದ ಶುರು. ಉತ್, ರೆ, ಮಿ, ಫಾ, ಸೋಲ್, ಲಾ. 17ನೇ ಶತಮಾನದಲ್ಲಿ ‘ಉತ್’ ಹೋಗಿ ‘ದೋ’ ಬಂತು. ಸ್ತುತಿಯ ಅರ್ಥವೂ ಚೆನ್ನಾಗಿದೆ. ನಿನ್ನ ಮಹಿಮೆಯನ್ನು ಬಿಚ್ಚುಗಂಠದಿಂದ ಹಾಡುವ ಹಾಗೆ ನಮ್ಮ ತುಟಿಯ ಕೊಳೆ ತೊಳೆ ಅಂತ.

ಗ್ವೀಡೋ ಹೆಸರು ರೋಮಿನ ತನಕ ಹೋಯಿತು. ಪೋಪ್ 19ನೇ ಜಾನ್ ಕರೆಸಿಕೊಂಡರು. ಪುಸ್ತಕ ತಿರುವಿ ನೋಡುತ್ತಾ ಕೂತ ಪೋಪ್, ತಾನು ಎಂದೂ ಕೇಳದ ಒಂದು ಸಾಲನ್ನು ನೋಡಿಕೊಂಡೇ ಹಾಡುವ ತನಕ ಮೇಲೇಳಲಿಲ್ಲವಂತೆ. ಇದನ್ನು ಗ್ವೀಡೋ ಅವರೇ ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ.

ಆಲಾಪನೆ

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಗೆರೆ ಬಂತು, ಚುಕ್ಕಿ ಬಂತು, ಸರಿ. ಅದರ ಜೊತೆಗೇ ಮನೋಧರ್ಮ, ಅಂದರೆ ಹಾಡುತ್ತಲೇ ಹೊಸದು ಕಟ್ಟುವುದು, ಹೋಯಿತು. ಬರೆದದ್ದನ್ನು ಬರೆದ ಹಾಗೇ ಹಾಡುವವನು ಸಂಗೀತಗಾರನೇ? ನಾಲ್ಕು ಜನ ಒಟ್ಟಿಗೆ ಹಾಡಬೇಕಾದರೆ ನಾಲ್ವರೂ ಕೈ ಕಟ್ಟಿಕೊಳ್ಳಲೇಬೇಕು. ರಾಗದ ಜೀವ ಇರುವುದು ಗಮಕದಲ್ಲಿ, ಸ್ವರವನ್ನು ಅಲುಗಿಸಿ ಹಾಡುವುದರಲ್ಲಿ. ಅದನ್ನು ಯಾವ ಗೆರೆಯ ಮೇಲೆ ಕೂರಿಸುತ್ತೀರಿ?

ಹಳೇ ಹೊತ್ತಿಗೆ

ಆಲಾಪನೆ ಸರ್, ನೀವು ಹೇಳಿದ್ದು ಮುಂದಿನ ಶತಮಾನಗಳಿಗೆ ಜಾಸ್ತಿ ಒಪ್ಪುತ್ತದೆ. ನಾವು ಮಾತಾಡುತ್ತಿರುವ ಕಾಲದಲ್ಲಿ ಹಾಗಿರಲಿಲ್ಲ. ಗಾಯಕರು ಹಳೆಯ ಧಾಟಿಯ ಪುಸ್ತಕವನ್ನು ಎದುರಿಗೆ ಇಟ್ಟುಕೊಂಡು, ಅದರ ಮೇಲೆ ಸ್ಥಳದಲ್ಲೇ ಹೊಸ ದನಿ ಕಟ್ಟುತ್ತಿದ್ದರು. ‘ಪುಸ್ತಕದ ಮೇಲೆ ಹಾಡುವುದು’ ಅಂತಲೇ ಅದಕ್ಕೆ ಹೆಸರು. ಟಿಂಕ್ಟೋರಿಸ್ ಎನ್ನುವ ವಿದ್ವಾಂಸರು 1477ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಇಬ್ಬರು ಮೂವರು ಒಟ್ಟಿಗೆ ಹಾಡುವಾಗ ಒಬ್ಬೊಬ್ಬರೂ ಆ ಹಳೆಯ ಧಾಟಿಗೆ ಹೊಂದಿಕೊಂಡರೆ ಸಾಕು. ಕೊಳಲಿನಂಥ ರೆಕಾರ್ಡರ್ ವಾದ್ಯಕ್ಕೆ ಗನಾಸ್ಸಿ 1535ರಲ್ಲಿ ವೆನಿಸ್‌ನಲ್ಲಿ ಪುಸ್ತಕ ತಂದರು. ನಾಲ್ಕೇ ಸ್ವರದ ನಡೆಯನ್ನು ಎಷ್ಟೆಲ್ಲ ಬಗೆಯಲ್ಲಿ ಒಡೆದು ನುಡಿಸಬಹುದು ಅಂತ ಪುಟಗಟ್ಟಲೆ ಕೊಟ್ಟಿದ್ದಾರೆ. ಇನ್ನು, ಯಾವ ಸ್ವರವನ್ನು ಅರ್ಧ ಏರಿಸಬೇಕು, ಯಾವುದನ್ನು ಇಳಿಸಬೇಕು ಅನ್ನುವುದನ್ನು ಎಷ್ಟೋ ಸಲ ಬರೆಯುತ್ತಲೇ ಇರಲಿಲ್ಲ. ಗಾಯಕ ತಾನೇ ತಿಳಿದು ಹಾಡಬೇಕಿತ್ತು.

ಗಮಕದ ಮಾತು ಒಪ್ಪುತ್ತೇನೆ. ಅವರ ಮೋಡ್ ಅಂದರೆ ಸ್ವರಗಳ ಒಂದು ಸಾಲು. ಡೋರಿಯನ್ ಮೋಡ್‌ನ ಸ್ವರ ಜೋಡಿಸಿದರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳೇ ಸಿಗುತ್ತವೆ. ಫ್ರಿಜಿಯನ್‌ನಲ್ಲಿ ತೋಡಿಯವು, ಮಿಕ್ಸೊಲಿಡಿಯನ್‌ನಲ್ಲಿ ಹರಿಕಾಂಬೋಜಿಯವು. ಆದರೆ ಕೇಳಿದರೆ ತೋಡಿ ಅನ್ನಿಸುವುದಿಲ್ಲ. ಗಾಂಧಾರ, ಅಂದರೆ ‘ಗ’, ಅಲ್ಲಾಡದೆ ನಿಂತಿರುತ್ತದೆ.

ರೈನ್ ದಡ

ನಾನು ಹುಬ್ಬಳ್ಳಿಯವಳು, ಒಂಬತ್ತು ವರ್ಷದಿಂದ ಜರ್ಮನಿಯಲ್ಲಿ ಇದ್ದೇನೆ. ಬರೆದಿದ್ದರಿಂದ ಏನು ಹೋಯಿತು ಅಂತ ಕೇಳಿದಿರಿ. ಏನು ಉಳಿಯಿತು ಅಂತ ನಾನು ಹೇಳುತ್ತೇನೆ.

ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆ ದೂರ ಬಿಂಗೆನ್ ಊರು. ಅಲ್ಲಿ ರೂಪರ್ಟ್ಸ್‌ಬರ್ಗ್ ಎಂಬ ಮಠ ಕಟ್ಟಿದವರು ಹಿಲ್ಡೆಗಾರ್ಡ್, 1098ರಲ್ಲಿ ಹುಟ್ಟಿದವರು. ತಮ್ಮ ಜೊತೆಯ ಸನ್ಯಾಸಿನಿಯರಿಗಾಗಿ ಎಪ್ಪತ್ತಕ್ಕೂ ಹೆಚ್ಚು ಹಾಡು ಕಟ್ಟಿದರು. ಒಂದು ನಾಟಕವನ್ನೂ ಬರೆದರು. ಅದರಲ್ಲಿ ಎಲ್ಲ ಪಾತ್ರಗಳೂ ಹಾಡುತ್ತವೆ. ಸೈತಾನ ಮಾತ್ರ ಹಾಡುವುದಿಲ್ಲ, ಕಿರುಚುತ್ತಾನೆ. ಅವನಿಗೆ ಸ್ವರವನ್ನೇ ಕೊಟ್ಟಿಲ್ಲ ಆಕೆ.

ಎಂಬತ್ತು ವರ್ಷ ಆದಾಗ ಆಕೆಗೆ ದೊಡ್ಡ ಕಷ್ಟ ಬಂತು. ಹಿಂದೊಮ್ಮೆ ಚರ್ಚಿನಿಂದ ಬಹಿಷ್ಕಾರಕ್ಕೆ ಒಳಗಾಗಿದ್ದ ಒಬ್ಬನನ್ನು ಮಠದ ನೆಲದಲ್ಲಿ ಮಣ್ಣು ಮಾಡಿದ್ದರು. ಹೆಣ ಹೊರಗೆ ತೆಗೆಯಿರಿ ಅಂತ ಮೈಂಝ್ ನಗರದ ಚರ್ಚಿನ ಹಿರಿಯರು ಹೇಳಿ ಕಳಿಸಿದರು. ಸಾಯುವ ಮೊದಲು ಆತನಿಗೆ ಕ್ಷಮೆ ಸಿಕ್ಕಿತ್ತು, ತೆಗೆಯುವುದಿಲ್ಲ ಅಂದರು ಹಿಲ್ಡೆಗಾರ್ಡ್. ಅದಕ್ಕೆ ಶಿಕ್ಷೆ ಏನು ಗೊತ್ತಾ? ಮಠದಲ್ಲಿ ಹಾಡುವ ಹಾಗಿಲ್ಲ. ಪ್ರಾರ್ಥನೆಯನ್ನು ಬಾಗಿಲು ಹಾಕಿಕೊಂಡು ಮೆಲ್ಲನೆ ಓದಿಕೊಳ್ಳಬೇಕು. ಆಕೆ ಪತ್ರ ಬರೆದರು. ಪಾಪ ಮಾಡುವ ಮೊದಲು ಆದಾಮನಿಗೆ ದೇವದೂತರ ದನಿಯೇ ಇತ್ತು, ನಾವು ಹಾಡುವುದು ಆ ದನಿಯನ್ನು ನೆನೆದು. ಸರಿಯಾದ ಕಾರಣ ಇಲ್ಲದೆ ಹಾಡು ನಿಲ್ಲಿಸುವವರಿಗೆ ಸ್ವರ್ಗದ ಹಾಡಿನಲ್ಲೂ ಪಾಲು ಇರುವುದಿಲ್ಲ, ಅಂತ. 1179ರಲ್ಲಿ ನಿಷೇಧ ತೆಗೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಆ ಮಠ ಈಗ ಇಲ್ಲ, 1632ರಲ್ಲಿ ಯುದ್ಧದಲ್ಲಿ ನಾಶವಾಯಿತು. ಹಾಡುಗಳ ದಪ್ಪ ಪುಸ್ತಕ ವೀಸ್‌ಬಾಡೆನ್ ಗ್ರಂಥಾಲಯದಲ್ಲಿದೆ. ಕಟ್ಟಡ ಹೋದರೂ ದನಿ ಉಳಿದದ್ದು ಅದರಿಂದ.

ಬರೆಯದೇ ಹೋದವರ ಗತಿ ನೋಡಿ. ದಕ್ಷಿಣ ಫ್ರಾನ್ಸಿನ ಟ್ರೂಬದೂರ್ ಕವಿಗಳ ಸುಮಾರು 2,500 ಪದ್ಯ ಸಿಕ್ಕಿವೆ. ಧಾಟಿ ಉಳಿದಿರುವುದು ಅದರ ಹತ್ತರಲ್ಲೊಂದು ಪಾಲಿಗೆ. ಅವರಲ್ಲಿ ಹೆಂಗಸರೂ ಇದ್ದರು. ಹೆಂಗಸೊಬ್ಬಳು ಬರೆದ ಹಾಡು ಧಾಟಿಯ ಸಮೇತ ಸಿಕ್ಕಿರುವುದು ಒಂದೇ ಒಂದು, ದಿಯಾ ಊರಿನ ಕೌಂಟೆಸ್‌ದು. ಪ್ರೀತಿಸಿದವನು ಕೈಬಿಟ್ಟ ನೋವಿನ ಹಾಡು. ಲಾಲಿ ಹಾಡು, ಬೀಸುವ ಹಾಡು ಹಾಡಿದ ಅಷ್ಟು ಜನ ಹೆಂಗಸರ ದನಿ ಎಲ್ಲಿ ಹೋಯಿತು ಹೇಳಿ.

ಆಲಾಪನೆ

ತಂಗಿ, ನಿನ್ನ ಕೊನೆಯ ಸಾಲು ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ನಮ್ಮ ತಾಯಿ ರಾಗಿ ಬೀಸುತ್ತಾ ಹಾಡುತ್ತಿದ್ದ ಹಾಡು ನನಗೆ ಎರಡೇ ಸಾಲು ನೆನಪಿದೆ. ನಾಳೆ ಅಷ್ಟನ್ನಾದರೂ ಸ್ವರ ಹಾಕಿ ಬರೆದಿಡುತ್ತೇನೆ.

ಘಟದ ಗೆಳೆಯ

ಎಲ್ಲರೂ ಸ್ವರದ ಬಗ್ಗೆಯೇ ಮಾತಾಡುತ್ತಿದ್ದೀರಿ, ಲಯದ ಕಥೆ ಏನು? ನಾಲ್ಕು ದನಿ ಒಟ್ಟಿಗೆ ಹೋಗಬೇಕಾದರೆ ತಾಳ ಬೇಕಲ್ವಾ? ನಾನೂ ಆ ವಿದೆರುಂತ್ ಕೇಳಿದೆ. ಪಕ್ಕಾ ತಿಶ್ರ ನಡೆ, ಮೂರು ಮೂರರ ಎಣಿಕೆ!

ಹಳೇ ಹೊತ್ತಿಗೆ

ನಿಮ್ಮ ಕಿವಿ ಸರಿಯಾಗಿ ಹಿಡಿದಿದೆ. ಕನ್ನಡ ಛಂದಸ್ಸು ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಎಲ್ಲ ಗುರು ಲಘುವಿನ ಆಟ. ಅವರಲ್ಲಿ ಆರು ಬಗೆಯ ಲಯ ಇದ್ದವು. ಮೊದಲನೆಯದು ಗುರು ಲಘು, ಗುರು ಲಘು. ಎರಡಕ್ಕೆ ಒಂದು ಸೇರಿ ಮೂರು ಮಾತ್ರೆ. ಎರಡನೆಯದು ಅದನ್ನೇ ತಿರುಗಿಸಿದ್ದು, ಲಘು ಗುರು. ಐದನೆಯದು ಮೂರು ಮಾತ್ರೆಯ ದೊಡ್ಡ ಹೆಜ್ಜೆ. ಆರನೆಯದು ಬರೀ ಲಘು.

ಬರೆದ ರೀತಿ ಇನ್ನೂ ಸೊಗಸು. ಸ್ವರದ ಆಕಾರ ನೋಡಿದರೆ ಉದ್ದವೋ ಗಿಡ್ಡವೋ ಗೊತ್ತಾಗುವುದಿಲ್ಲ. ಸ್ವರಗಳನ್ನು ಗೊಂಚಲು ಗೊಂಚಲಾಗಿ ಕೂಡಿಸಿ ಬರೆಯುತ್ತಿದ್ದರು. ಮೊದಲು ಮೂರರ ಗೊಂಚಲು, ಆಮೇಲೆ ಎರಡು, ಎರಡು, ಎರಡು ಅಂತ ಬಂದರೆ ಅದು ಮೊದಲನೇ ಲಯ. ಗೊಂಚಲು ನೋಡಿ ಹೆಜ್ಜೆ ಹಾಕಬೇಕು.

1320ರ ಹೊತ್ತಿಗೆ ಹೊಸಬರು ಬಂದರು. ಫಿಲಿಪ್ ಡ ವಿತ್ರಿ ಮತ್ತು ಅವರ ಕಾಲದವರು. ಮೂರಾಗಿ ಒಡೆಯುತ್ತಿದ್ದ ಕಾಲವನ್ನು ಎರಡಾಗಿಯೂ ಒಡೆಯಬಹುದು ಅಂದರು. ಇನ್ನೂ ಚಿಕ್ಕ ಸ್ವರ ತಂದರು. ಅವಿನ್ಯೋನ್‌ನಲ್ಲಿದ್ದ ಪೋಪ್ 22ನೇ ಜಾನ್ ಕೋಪಗೊಂಡು ಆದೇಶವನ್ನೇ ಹೊರಡಿಸಿದರು. ಈ ದನಿಗಳು ಓಡುತ್ತವೆ, ನಿಲ್ಲುವುದಿಲ್ಲ. ಕಿವಿಗೆ ಅಮಲು ಹತ್ತಿಸುತ್ತವೆ, ವಾಸಿ ಮಾಡುವುದಿಲ್ಲ, ಅಂತ. ಅವರಿಗೂ ಆ ಸಂಗೀತ ಎಲ್ಲೋ ತಟ್ಟಿತ್ತು, ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಬೈಯಲು ಆಗುವುದಿಲ್ಲ.

ತಾಳದ ಲೆಕ್ಕ ಹಾಕಿ ಕೋರ್ವೆ ಕಟ್ಟುವ ನಿಮಗೆ ಇನ್ನೊಂದು. ಇವರು ಕೆಳಗಿನ ದನಿಗೆ ಸ್ವರದ ಸಾಲು ಒಂದು ಉದ್ದ, ಲಯದ ಸಾಲು ಇನ್ನೊಂದು ಉದ್ದ ಇಡುತ್ತಿದ್ದರು. 15 ಸ್ವರ, 10 ಹೆಜ್ಜೆ ಅಂತ ಇಟ್ಟುಕೊಳ್ಳಿ. ಎರಡೂ ಮತ್ತೆ ಒಟ್ಟಿಗೆ ಶುರುವಾಗಲು 30 ಆಗಬೇಕು. ಲಯದ ಸಾಲಿಗೆ ‘ತಾಲೆಯಾ’ ಅಂತ ಹೆಸರು. ನಮ್ಮ ತಾಳಕ್ಕೂ ಅದಕ್ಕೂ ನಂಟಿಲ್ಲ. ಮಶೋ ಎನ್ನುವ ಕವಿ, ಸಂಗೀತಗಾರರು ರೈಮ್ಸ್ ಚರ್ಚಿಗಾಗಿ ಕಟ್ಟಿದ ಪೂಜಾಸಂಗೀತದಲ್ಲಿ ಈ ಕೆಲಸ ತುಂಬ ಇದೆ.

ಘಟದ ಗೆಳೆಯ

ಹೆಸರಿನ ನಂಟು ನಿಜವಾಗಿಯೂ ಇರುವುದು ನಗಾರಿಗೆ. ಅರಬ್ಬರ ‘ನಖ್ಖಾರಾ’ ನಮ್ಮ ಕಡೆ ಬಂದು ನಗಾರಿ ಆಯಿತು. ಅದೇ ಪದ ಕ್ರುಸೇಡ್ ಯುದ್ಧಗಳ ಕಾಲದಲ್ಲಿ ಯುರೋಪಿಗೆ ಹೋಗಿ ‘ನೇಕರ್ಸ್’ ಆಯಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಜೋಡಿ ನಗಾರಿ. ಲ್ಯೂಟ್ ಕೂಡ ಅರಬ್ಬರ ‘ಅಲ್ ಊದ್’.

ತಂಬೂರಿ ತಂತಿ

ಒಂದು ಅನುಮಾನ. ಈ ಪ್ಯಾರಿಸ್ಸಿನ ಹಾಡುಗಳಲ್ಲಿ ನಾಲ್ಕೂ ದನಿ ಬಂದು ನಿಲ್ಲುವುದು ಸ, ಪ, ಮೇಲಿನ ಸ. ಗಾಂಧಾರ ಬಂದರೂ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಆದರೆ 15ನೇ ಶತಮಾನದ ಡುಫಾಯ್ ಅವರದು ಕೇಳಿದೆ, ಎಲ್ಲ ಕಡೆ ಗಾಂಧಾರ ತುಂಬಿಕೊಂಡಿದೆ. ತಂಬೂರಿ ಚೆನ್ನಾಗಿ ಸೇರಿದಾಗ ಯಾರೂ ಮೀಟದ ಅಂತರ ಗಾಂಧಾರ, ಎತ್ತರದ ‘ಗ’, ಕೇಳಿಸುತ್ತದಲ್ಲ, ಅದೇ ಗಾಂಧಾರ.

ಹಳೇ ಹೊತ್ತಿಗೆ

ಎಷ್ಟು ಸರಿಯಾಗಿ ಕೇಳಿದ್ದೀರಿ! ಹಳಬರು ಎಲ್ಲ ಸ್ವರವನ್ನೂ ಪಂಚಮದ ಲೆಕ್ಕದಲ್ಲೇ ಸೇರಿಸುತ್ತಿದ್ದರು. ಹಾಗೆ ಮಾಡಿದರೆ ಗಾಂಧಾರಕ್ಕೂ ಷಡ್ಜಕ್ಕೂ ಕಂಪನದ ಅನುಪಾತ 81ಕ್ಕೆ 64 ಆಗುತ್ತದೆ, ಸ್ವಲ್ಪ ಚುರುಕು, ಕಿವಿಗೆ ಒರಟು. ತಂಬೂರಿಯ ಗಾಂಧಾರ 5ಕ್ಕೆ 4. ಒರಟಾದ ಸ್ವರದ ಮೇಲೆ ಯಾರು ನಿಲ್ಲುತ್ತಾರೆ? ಇಂಗ್ಲೆಂಡಿನವರಿಗೆ ಮಾತ್ರ ಗಾಂಧಾರ ಮೊದಲಿಂದಲೂ ಇಷ್ಟ. 1440ರ ಸುಮಾರಿಗೆ ಮಾರ್ಟಿನ್ ಲ ಫ್ರಾಂಕ್ ಎನ್ನುವ ಕವಿ, ಸಂಗೀತಗಾರರಾದ ಡುಫಾಯ್ ಮತ್ತು ಬೆಂಶ್ವಾ ಇಂಗ್ಲಿಷ್ ಸಂಗೀತಗಾರ ಡನ್‌ಸ್ಟೇಬಲ್ ದಾರಿ ಹಿಡಿದು ಹಾಡನ್ನು ಅಷ್ಟು ಇಂಪು ಮಾಡಿದರು ಅಂತ ಹೊಗಳಿದ್ದಾರೆ. 5ಕ್ಕೆ 4 ಅಂತ ಪುಸ್ತಕದಲ್ಲೇ ಬರೆದು ವಾದ ಮಾಡಿದ್ದು ಸ್ಪೇನಿನ ವಿದ್ವಾಂಸ ರಾಮೋಸ್, 1482ರಲ್ಲಿ.

ಕಡಲ ಕರೆ

ಡುಫಾಯ್ ಹೆಸರು ಬಂತಲ್ಲ, ಒಂದು ಕಥೆ ಹೇಳಲೇಬೇಕು. ಅವರು 1436ರಲ್ಲಿ ಫ್ಲಾರೆನ್ಸಿನ ದೊಡ್ಡ ಚರ್ಚಿನ ಪ್ರತಿಷ್ಠೆಗೆ ಹಾಡು ಕಟ್ಟಿದವರು, ಹೆಸರುವಾಸಿ. ವಯಸ್ಸಾದ ಮೇಲೆ ಕಾಂಬ್ರೇ ಊರಿನಲ್ಲಿ ಇದ್ದಾಗ ಮಾತೆ ಮರಿಯಳ ಒಂದು ಸ್ತುತಿಗೆ ನಾಲ್ಕು ದನಿ ಕಟ್ಟಿದರು. ಹಳೆಯ ಪ್ರಾರ್ಥನೆಯ ನಡುವೆ ತಮ್ಮದೇ ಸಾಲು ಸೇರಿಸಿದರು: ‘ಸಾಯುತ್ತಿರುವ ನಿನ್ನ ಡುಫಾಯ್ ಮೇಲೆ ಕರುಣೆ ಇರಲಿ’. ಆ ಜಾಗದಲ್ಲಿ ಗಾಂಧಾರ ಇದ್ದಕ್ಕಿದ್ದ ಹಾಗೆ ಸಾಧಾರಣಕ್ಕೆ, ಅಂದರೆ ಅರ್ಧ ಸ್ವರ ಕೆಳಕ್ಕೆ, ಇಳಿಯುತ್ತದೆ. ಕೊನೆಯುಸಿರು ಎಳೆಯುವಾಗ ಇದನ್ನು ಹಾಸಿಗೆಯ ಪಕ್ಕ ನಿಂತು ಹಾಡಬೇಕು ಅಂತ ಉಯಿಲಿನಲ್ಲಿ ಬರೆದಿದ್ದರು. 1474ರಲ್ಲಿ ಸಾವು ಬಂದಾಗ ಅದಕ್ಕೆ ಹೊತ್ತು ಸಾಲಲಿಲ್ಲ. ಉತ್ತರಕ್ರಿಯೆಯಲ್ಲಿ ಹಾಡಿದರು.

ತಂಬೂರಿ ತಂತಿ

ಇದು ಅಂಕಿತದ ಹಾಗೇ ಇದೆ ಅಲ್ವಾ! ನಮ್ಮ ದಾಸರು ದೇವರ ಹೆಸರು ಇಟ್ಟು ಮುಗಿಸುತ್ತಾರೆ, ಇವರು ತಮ್ಮ ಹೆಸರನ್ನೇ ದೇವರ ಮುಂದೆ ಇಟ್ಟಿದ್ದಾರೆ. ಇವತ್ತು ಪಾಠಕ್ಕೆ ಕೂರುವ ಮೊದಲು ಮೂರು ಸಲ ಕೇಳಿದೆ. ಆ ಗಾಂಧಾರ ಇಳಿಯುವ ಜಾಗ ಯಾರೂ ಹೇಳದೆಯೂ ತಿಳಿಯುತ್ತದೆ.

ರೈನ್ ದಡ

ಅಚ್ಚಿನ ಮಾತೂ ಸೇರಿಸುತ್ತೇನೆ. 1501ರಲ್ಲಿ ವೆನಿಸ್‌ನ ಪೆತ್ರುಚ್ಚಿ ಬಹುದನಿಯ ಹಾಡುಗಳನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು. ಗೆರೆ ಒಂದು ಸಲ, ಸ್ವರ ಇನ್ನೊಂದು ಸಲ ಅಂತ ಒಂದೇ ಹಾಳೆಯನ್ನು ಮತ್ತೆ ಮತ್ತೆ ಒತ್ತಬೇಕಿತ್ತು. ಕೂದಲೆಳೆಯಷ್ಟು ಜರುಗಿದರೂ ಸ್ವರವೇ ಬದಲು. ಪ್ಯಾರಿಸ್ಸಿನ ಅತ್ತೆಂಯಾನ್ 1528ರಲ್ಲಿ ಸ್ವರದ ಜೊತೆ ಗೆರೆಯ ತುಂಡನ್ನೂ ಒಂದೇ ಮೊಳೆಯಲ್ಲಿ ಎರಕ ಹೊಯ್ದು, ಒಂದೇ ಸಲಕ್ಕೆ ಒತ್ತಿದರು. ಮೊಳೆ ಮೊಳೆ ಸೇರುವ ಕಡೆ ಗೆರೆ ಸ್ವಲ್ಪ ತುಂಡಾಗಿ ಕಾಣುತ್ತದೆ. ನೋಡಲು ಪೆತ್ರುಚ್ಚಿಯದೇ ಚೆಂದ, ಆದರೆ ಇದು ಅಗ್ಗ. ವ್ಯಾಪಾರಿಗಳ ಮನೆಯ ಊಟದ ಮೇಜಿಗೂ ಹಾಡಿನ ಪುಸ್ತಕ ಬಂತು.

ಆಮೇಲಿನ ಇಟಲಿಯ ಸಂಗೀತಗಾರ ಪಾಲೆಸ್ಟ್ರೀನಾ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಇಂಗ್ಲೆಂಡಿನ ಟ್ಯಾಲಿಸ್ ಅವರ ‘ಸ್ಪೆಮ್ ಇನ್ ಆಲಿಯುಮ್’ ಮಾತ್ರ ಬಿಡಬೇಡಿ. 40 ದನಿ, ನಲವತ್ತೂ ಬೇರೆ ಬೇರೆ! ಐದೈದು ಜನರ ಎಂಟು ಗುಂಪು. ಒಂದು ದನಿಯಿಂದ ಶುರುವಾಗಿ ಗುಂಪಿನಿಂದ ಗುಂಪಿಗೆ ದಾಟುತ್ತಾ ಹೋಗುತ್ತದೆ. ನಲವತ್ತೂ ಒಟ್ಟಿಗೆ ತೆರೆದುಕೊಂಡಾಗ ನಾನು ಕೂತ ಬೆಂಚು ನಡುಗಿತು.

ತಂಬೂರಿ ತಂತಿ

ನಲವತ್ತು ಆಮೇಲೆ. ನಾವು ಆರರಿಂದ ಶುರು ಮಾಡಿದ್ದೇವೆ. ಹಳೇ ಹೊತ್ತಿಗೆ ಸರ್ ನನಗೆ ಬೇರೆಯಾಗಿ ಕಳಿಸಿದ್ದ ಇಂಗ್ಲೆಂಡಿನ ರೆಡಿಂಗ್ ಮಠದ ಹಾಡು, 13ನೇ ಶತಮಾನದ್ದು. ಬೇಸಿಗೆ ಬಂತು, ಕೋಗಿಲೆಯ ಜಾತಿಯ ಕುಕ್ಕೂ ಹಕ್ಕಿಯೇ ಜೋರಾಗಿ ಹಾಡು ಅಂತ. ನಾಲ್ಕು ಜನ ಒಂದೇ ಧಾಟಿಯನ್ನು ಒಬ್ಬರ ಹಿಂದೆ ಒಬ್ಬರು ಎತ್ತಿಕೊಳ್ಳಬೇಕು. ಕೆಳಗೆ ಇಬ್ಬರು ಒಂದು ಚಿಕ್ಕ ಸಾಲನ್ನು ಬಿಡದೆ ತಿರುಗಿಸುತ್ತಿರಬೇಕು. ಹಸ್ತಪ್ರತಿಯಲ್ಲಿ ಒಂದು ಕಡೆ ಶಿಲುಬೆಯ ಗುರುತು ಹಾಕಿದ್ದಾರೆ. ಮೊದಲನೆಯವರು ಅಲ್ಲಿಗೆ ಬಂದಾಗ ಎರಡನೆಯವರು ಶುರು ಮಾಡಬೇಕು.

ಕಪ್ಪು ಹಲಗೆಯ ಮೇಲೆ ಸ ರಿ ಗ ಹಾಕಿ ಬರೆದೆ, ಗುರುತಿನ ಜಾಗಕ್ಕೆ ಕೆಂಪು ಸೀಮೆಸುಣ್ಣ. ಚಿಕ್ಕ ಇಬ್ಬರು ಕೆಳಗಿನ ಸಾಲು ಹಿಡಿದರು. ಮೊದಲ ಹುಡುಗಿ ಎತ್ತಿಕೊಂಡಳು. ಎರಡನೆಯವಳು ಸರಿಯಾಗಿ ಸೇರಿದಳು. ಮೂರನೆಯ ಹುಡುಗ ಸೇರಿದ ತಕ್ಷಣ ಎಲ್ಲರೂ ಅವನ ಧಾಟಿಗೇ ಹೋಗಿಬಿಟ್ಟರು. ಒಂದೇ ಎಳೆಯಲ್ಲಿ ಹಾಡಿ ಬೆಳೆದ ಮಕ್ಕಳಲ್ವಾ, ಪಕ್ಕದವರ ದನಿ ಕೇಳಿದರೆ ಅದರೊಳಗೆ ಸೇರಿಕೊಳ್ಳುವುದೇ ಅವರಿಗೆ ಗೊತ್ತು. ನಾಲ್ಕನೇ ಸಲ ಮೂವರೂ ತಮ್ಮ ತಮ್ಮ ದಾರಿಯಲ್ಲಿ ನಿಂತರು. ಅಂತರ ಗಾಂಧಾರ ಕೋಣೆ ತುಂಬಿತು. ಕೆಳಗಿನ ಸಾಲು ಹಿಡಿದಿದ್ದ ಪುಟ್ಟಿ ಹಾಡುತ್ತಲೇ ತಲೆ ಎತ್ತಿ ನನ್ನನ್ನು ನೋಡಿದಳು.

ಶನಿವಾರ ನಾಲ್ಕನೆಯ ದನಿ ಸೇರಿಸುತ್ತೇವೆ. ಕರೆ ಸರ್, ಆ ದಿನ ನೀವು ಫೋನಿನಲ್ಲಿ ಕೇಳಿಸಿಕೊಳ್ಳುತ್ತೀರಾ? ಶ್ರುತಿ ಎಷ್ಟಕ್ಕೆ ಇಟ್ಟರೆ ಮಕ್ಕಳಿಗೆ ಸುಲಭ ಅಂತ ನೀವೇ ಹೇಳಬೇಕು.